ಗಾಲಿಯ ಪಟ್ಟಿಯಿಂದ ಟೈರಿನ ಅಂಕಿಯವರೆಗೆ

ರಾಜ್ಯಗಳ ಗಡಿರೇಖೆ ಎತ್ತ ಹೊರಳಿದರೂ ಕನ್ನಡ ತೆಲುಗುಗಳೆರಡನ್ನೂ ಒಂದೇ ಸಂತೆಯಲ್ಲಿ ಆಡಿಕೊಂಡು ಬಂದ ಹಿಂದೂಪುರ, ಕಲ್ಯಾಣದುರ್ಗಗಳ ಸೀಮೆಯ ಚರಿತ್ರೆಯನ್ನು ಪಾಳೆಯಗಾರರ ಕೋಟೆಗಳಿಂದ ಅರಿಯುವಷ್ಟೇ ಮಟ್ಟಿಗೆ ಅದರ ಗಾಡಿಗಳ ಗಾಲಿಗಳಿಂದಲೂ ಅರಿಯಬಹುದು. 1800ರಲ್ಲಿ ನಿಜಾಮನು ಕಂಪನಿ ಸರಕಾರಕ್ಕೆ ಬಿಟ್ಟುಕೊಟ್ಟ ಈ ದತ್ತಮಂಡಲದಲ್ಲಿ ಒಳ್ಳೆಯ ರಸ್ತೆಗಳು ವಿರಳವಾಗಿದ್ದುದರಿಂದ, ಉಪ್ಪು ಧಾನ್ಯಗಳನ್ನು ಬಹುಮಟ್ಟಿಗೆ ಲಂಬಾಣಿಗಳ ಹೇರೆತ್ತುಗಳೇ ಹೊತ್ತು ತರುತ್ತಿದ್ದವು. ರಸ್ತೆಗಳಾದಂತೆ ಗಾಡಿಗಳು ಹೆಚ್ಚಿದವು. 1890ರ ದಶಕದಲ್ಲಿ ಗುಂತಕಲ್ಲಿನಿಂದ ಬೆಂಗಳೂರಿಗೆ ರೈಲುಮಾರ್ಗವಾದ ಮೇಲೆ, ಮರಾಠ ಸರದಾರ ಮುರಾರಿರಾಯನ ತಂದೆ ಹಿಂದೂರಾಯನ ಹೆಸರಿನದೆಂದು ಪ್ರತೀತಿಯುಳ್ಳ ಹಿಂದೂಪುರವು ಬೆಲ್ಲ, ಹುಣಿಸೆ, ಮೆಣಸಿನಕಾಯಿಗಳ ದೊಡ್ಡ ಪೇಟೆಯಾಗಿ ಬೆಳೆಯಿತು. ಇತ್ತೀಚಿನವರೆಗೂ ರೈಲು ಕಾಣದಿದ್ದ ಕಲ್ಯಾಣದುರ್ಗಕ್ಕಾದರೋ ಗಾಲಿಯೇ ಗತಿಯಾಗಿದ್ದಿತು.

ಆ ಕಾಲದಲ್ಲಿ ಗಾಲಿಗೆ ಹೊಸ ಪಟ್ಟಿ ಹಾಕಿಸುವುದೆಂದರೆ ಅಂಗಡಿಯ ವ್ಯವಹಾರವಲ್ಲ, ಕುಲುಮೆಯ ಕಾರ್ಯ. ಬಡಗಿಯು ಕರಿಜಾಲಿಯಂಥ ಗಟ್ಟಿಮರವನ್ನು ಕಡೆದು ಗುಂಬಕ್ಕೆ ಅರೆಕಾಲುಗಳನ್ನು ಜೋಡಿಸಿಕೊಟ್ಟ ಮೇಲೆ, ಕಮ್ಮಾರನು ಗಾಲಿಯ ಸುತ್ತಳತೆಯನ್ನು ನೋಡಿಕೊಂಡು, ಅದಕ್ಕಿಂತ ಒಂದಿಷ್ಟು ಕಿರಿದಾಗುವಂತೆ ಕಬ್ಬಿಣದ ಪಟ್ಟಿಯನ್ನು ಬಾಗಿಸಿ ಬೆಸೆದು, ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸುತ್ತಿದ್ದನು. ಕಾವಿನಿಂದ ಹಿಗ್ಗಿದ ಪಟ್ಟಿಯನ್ನು ಇಕ್ಕಳಗಳಲ್ಲಿ ಎತ್ತಿ ಗಾಲಿಗೆ ತೊಡಿಸಿ ಒಡನೆಯೇ ನೀರೆರೆದಾಗ, ಅದು ಕುಗ್ಗಿ ಮರದ ಸಂದುಗಳನ್ನೆಲ್ಲ ಬಿಗಿದುಬಿಡುತ್ತಿತ್ತು. ಬೇಸಗೆಯ ಬಿಸಿಲಿಗೆ ಮರವು ಒಣಗಿ ಪಟ್ಟಿ ಸಡಿಲವಾದರೆ, ಗಾಲಿಯನ್ನು ನೀರಿನಲ್ಲಿ ನೆನೆಸಿ ಕೆಲವು ಕಾಲ ತಳ್ಳಬಹುದಾಗಿದ್ದಿತು. ಅದೂ ತೀರಿದಾಗ ಮತ್ತೆ ಕಮ್ಮಾರನ ಬಾಗಿಲು. ಯಾವ ಪಟ್ಟಿ, ಎಷ್ಟು ದಪ್ಪ, ಎಷ್ಟು ಬಿಗಿ ಎಂಬ ವಿವೇಚನೆಯೆಲ್ಲ ಕುಶಲಕರ್ಮಿಯದು. ಗಾಡಿಯ ಒಡೆಯನು ಅವನ ಕೈಯನ್ನು ನಂಬಿದರೆ ಸಾಕಾಗಿತ್ತು.

1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ಗಾಳಿ ತುಂಬಿದ ರಬ್ಬರಿನ ಟೈರಿಗೆ ಪೇಟೆಂಟು ಪಡೆದನು. ಅವನ ಹೆಸರಿನ ಕಂಪನಿಯು 1936ರಲ್ಲಿ ಬಂಗಾಳದ ಸಾಹಾಗಂಜಿನಲ್ಲಿ ಕಾರ್ಖಾನೆ ತೆರೆಯಿತು. ಎಳೆಯುವ ಎತ್ತಿಗೆ ಹಗುರವೂ ರಸ್ತೆಗೆ ಸೌಮ್ಯವೂ ಆದ ರಬ್ಬರು ಗಾಲಿಯ ಗಾಡಿಯು ಕಾಲಕ್ರಮದಲ್ಲಿ ಹಳ್ಳಿಗಳಲ್ಲಿ ಹರಡಿ, ಯಾವ ಕಂಪನಿಯ ಟೈರು ಹಾಕಿದ್ದರೂ ಜನರ ಬಾಯಲ್ಲಿ ‘ಡನ್ಲಪ್ ಗಾಡಿ’ಯೇ ಆಯಿತು. ಸವೆದ ಟೈರೂ ವ್ಯರ್ಥವಾಗಲಿಲ್ಲ. ಅದನ್ನು ಕೊಯ್ದು ಮಾಡಿದ ಟೈರು ಚಪ್ಪಲಿಗಳು ಮುಳ್ಳುನೆಲದಲ್ಲಿ ನಡೆಯುವವರಿಗೆ ಚರ್ಮದ ಮೆಟ್ಟಿಗಿಂತ ಹೆಚ್ಚು ಬಾಳಿದವು.

1983ರ ಕೊನೆಯಲ್ಲಿ ಮಾರುತಿ 800 ಬಂದ ಮೇಲೆ ಸಣ್ಣ ಕಾರು ಮಧ್ಯಮ ವರ್ಗದ ಮನೆಗಳ ಕೈಗೆಟುಕತೊಡಗಿತು. 2019ರಿಂದ ಹಿಂದೂಪುರಕ್ಕೆ ಬಹುದೂರವಲ್ಲದ ಪೆನುಕೊಂಡದ ಎರ್ರಮಂಚಿಯಲ್ಲಿ ಕಿಯಾ ಕಂಪನಿಯ ಕಾರುಗಳೇ ಸಿದ್ಧವಾಗುತ್ತಿವೆ. ಗಾಲಿಗೆ ಅಳೆದು ಪಟ್ಟಿ ಮಾಡುವವನಿಲ್ಲದ ಈ ಕಾಲದಲ್ಲಿ, ಕಮ್ಮಾರನ ಅಳತೆಯು ಟೈರಿನ ಪಾರ್ಶ್ವದಲ್ಲಿ ಅಚ್ಚೊತ್ತಿದ ಅಂಕಿಯಾಗಿ ನಿಂತಿದೆ. ಮಾರುತಿ 800ರ ‘145/70 ಆರ್ 12’ ಎಂಬ ಬರಹದಲ್ಲಿ ಅಗಲ 145 ಮಿಲಿಮೀಟರ್, ಪಾರ್ಶ್ವದ ಎತ್ತರ ಆ ಅಗಲದ ಶೇಕಡ 70, ರಚನೆ ರೇಡಿಯಲ್, ರಿಮ್ಮಿನ ವ್ಯಾಸ 12 ಅಂಗುಲ. ತಯಾರಾದ ವಾರ ವರ್ಷಗಳನ್ನು ಹೇಳುವ ನಾಲ್ಕು ಅಂಕಿಗಳೂ ಅಲ್ಲಿಯೇ ಇವೆ. ‘1824’ ಎಂದಿದ್ದರೆ ಅದು 2024ರ ಹದಿನೆಂಟನೆಯ ವಾರದ್ದು. ರಬ್ಬರು ಕೂತಲ್ಲಿಯೇ ಹಳತಾಗುವ ವಸ್ತುವಾದುದರಿಂದ, ಹೊಳಪನ್ನು ನೋಡಿ ಹಳೆಯ ದಾಸ್ತಾನನ್ನು ಕೊಳ್ಳುವುದು ನಷ್ಟದ ವ್ಯಾಪಾರ.

ಈ ನೆಲದ ಗುಣವೂ ಆಯ್ಕೆಯಲ್ಲಿ ಸೇರಬೇಕು. ದೇಶದ ಅತ್ಯಂತ ಕಡಿಮೆ ಮಳೆಯ ಸೀಮೆಗಳಲ್ಲೊಂದಾದ ಇಲ್ಲಿ, ಗಾಳಿ ಕಡಿಮೆಯಿರುವ ಟೈರು ಬೇಸಗೆಯ ಡಾಂಬರಿನ ಮೇಲೆ ವೇಗವಾಗಿ ಓಡುವಾಗ ಹೆಚ್ಚು ಬಾಗಿ ಬಳುಕಿ, ಒಳಗಿನಿಂದಲೇ ಕಾದು ಸಿಡಿಯಬಲ್ಲುದು. ಬಳ್ಳಾರಿ ಜಾಲಿಯ ಮುಳ್ಳು ನೆಟ್ಟರೆ ಟ್ಯೂಬಿನ ಟೈರು ಥಟ್ಟನೆ ಕುಸಿಯುತ್ತದೆ. ಟ್ಯೂಬ್‌ಲೆಸ್ಸು ಮೆಲ್ಲನೆ ಗಾಳಿ ಬಿಟ್ಟು, ಪಂಚರ್ ಅಂಗಡಿ ಮುಟ್ಟುವಷ್ಟು ಅವಕಾಶ ಕೊಡುತ್ತದೆ. ಗೀರುಗಳ ಆಳ 1.6 ಮಿಲಿಮೀಟರಿಗೆ ಇಳಿದು, ತಳದಲ್ಲಿರುವ ಸವೆತದ ಗುರುತಿಗೆ ಸಮವಾದ ಟೈರನ್ನು ಮಳೆ ಅಪರೂಪವೆಂಬ ಕಾರಣಕ್ಕೆ ಓಡಿಸುವುದು ಅವಿವೇಕ; ಬಹುದಿನದ ಧೂಳು ಎಣ್ಣೆಗಳು ಮೊದಲ ಮಳೆಗೆ ಕಲಸಿದಾಗಲೇ ರಸ್ತೆ ಹೆಚ್ಚು ಜಾರುವುದು.

ಕುಲುಮೆಯ ಕಾಲದಲ್ಲಿ ತಪ್ಪು ಪಟ್ಟಿ ಹಾಕಿದ ಕಮ್ಮಾರನನ್ನು ಮರುದಿನವೇ ಹೋಗಿ ಕೇಳಬಹುದಾಗಿದ್ದಿತು. ಇಂದು ಟೈರು ಮಾಡಿದವನು ಸಾವಿರ ಮೈಲಿ ದೂರದಲ್ಲಿದ್ದಾನೆ, ಮಾರುವವನಿಗೆ ಅಂಗಡಿಯಲ್ಲಿದ್ದುದೇ ಒಳ್ಳೆಯದು. ಹೀಗಾಗಿ ಹಿಂದೆ ಬಡಗಿ ಕಮ್ಮಾರರು ಹೊತ್ತಿದ್ದ ವಿವೇಚನೆಯ ಭಾರವು, ಅಂಕಿ ಓದಬಲ್ಲ ಗಿರಾಕಿಯ ಮೇಲೆಯೇ ಬಿದ್ದಿದೆ.