ಎತ್ತು ಬದಲಿಸಿದ್ರೆ ಸಾಕಾ?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಹೋದ ವರ್ಷ ಕೊನೇ ಸ್ಥಾನಕ್ಕೆ ಬಿದ್ದ ತಂಡಕ್ಕೇ ಡ್ರಾಫ್ಟ್‌ನಲ್ಲಿ ಮೊದಲ ಸರದಿ. ಕಾಲೇಜು ಹುಡುಗರಲ್ಲಿ ಬೇಕಾದವನನ್ನು ಆರಿಸಿಕೊಳ್ಳಬಹುದು. ನ್ಯಾಯವೇ ಅನ್ನಿ. ಆದರೆ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಕಥೆ ನೋಡಿ.

ಮಾಲೀಕ ಆರ್ಟ್ ಮೊಡೆಲ್ 1996ರಲ್ಲಿ ತಂಡವನ್ನೇ ಬಾಲ್ಟಿಮೋರ್‌ಗೆ ಎತ್ಕೊಂಡು ಹೋದ. ಹೆಸರು, ಬಣ್ಣ ಮಾತ್ರ ಊರಲ್ಲಿ ಉಳೀತು. 1999ರಲ್ಲಿ ಹೊಸ ಬ್ರೌನ್ಸ್ ಹುಟ್ಟಿದಾಗ ಮೊದಲ ಆಯ್ಕೆ ಕ್ವಾರ್ಟರ್‌ಬ್ಯಾಕ್ ಟಿಮ್ ಕೌಚ್. ಪ್ರತಿ ದಾಳಿಯೂ ಶುರುವಾಗೋದು ಕ್ವಾರ್ಟರ್‌ಬ್ಯಾಕ್ ಕೈಯಿಂದ. ಅವನನ್ನು ಕಾಯೋ ಸಾಲು ಮಾತ್ರ ಟೊಳ್ಳು. ಮೊದಲ ಸೀಸನ್‌ನಲ್ಲೇ ಕೌಚ್‌ನನ್ನು 56 ಸಲ ನೆಲಕ್ಕೆ ಕೆಡವಿದರು. ಐದು ಸೀಸನ್‌ಗೆ ಅವನ ಆಟ ಮುಗೀತು. (ನಮ್ಮ ಆಫೀಸ್‌ಗಳಲ್ಲೂ ಹಿಂಗೇ. ಕೋಡ್ ಹಳಸಿದ್ರೆ ಹೊಸ ಟೀಮ್ ಲೀಡ್ ತರ್ತಾರೆ.) ಆಮೇಲೆ ಬಂದುಹೋದವರ ಹೆಸರುಗಳನ್ನ ಒಂದು ಕೌಚ್ ಜೆರ್ಸಿ ಮೇಲೆ ಸಾಲಾಗಿ ಅಂಟಿಸುತ್ತ ಹೋದರು.

2017ರಲ್ಲಿ 16ಕ್ಕೆ 16 ಪಂದ್ಯವೂ ಸೋಲು. ಜನವರಿ ಚಳಿಯಲ್ಲಿ ಅಭಿಮಾನಿಗಳು ಸ್ಟೇಡಿಯಂ ಸುತ್ತ ಸೋಲಿನದ್ದೇ ಮೆರವಣಿಗೆ ತೆಗೆದರು! ಮತ್ತೆ ಮೊದಲ ಸರದಿ, ಮತ್ತೆ ವಾದ: ಡಾರ್ನಾಲ್ಡಾ, ರೋಸನ್ನಾ, ಆಲನ್ನಾ, ಮೇಫೀಲ್ಡಾ? ಮೇಫೀಲ್ಡ್ ಕುಳ್ಳ ಅಂತ ಕೆಲವರು. ಅಂಗೈ ಅಗಲ ಕೂಡ ಅಳೀತಾರೆ ಮಾರಾಯ್ರೆ. ನಮ್ಮೂರ ದನದ ಜಾತ್ರೇಲಿ ಹಲ್ಲು ಎಣಿಸೋ ಹಾಗೆ. ನೊಗ ಮುರಿದಿದೆಯಾ ಅಂತ ಕೇಳಿದವರು ಕಡಿಮೆ.

ಬ್ರೌನ್ಸ್ ಮೇಫೀಲ್ಡ್‌ನನ್ನು ಆರಿಸಿತು. ರಿಸೀವರ್ ಆಗೋದೇ ವಾಸಿ ಅಂತ ಪಂಡಿತರು ಅಂದಿದ್ದ ಲಮಾರ್ ಜಾಕ್ಸನ್ 32ನೇ ಸರದಿವರೆಗೂ ಉಳಿದಿದ್ದ. ಅವನನ್ನು ಕರ್ಕೊಂಡಿದ್ದು ಬಾಲ್ಟಿಮೋರ್, ಅದೇ ಹಳೇ ತಂಡ. 2019ರಲ್ಲಿ ಅವನೇ ಲೀಗಿನ ಅತ್ಯಮೂಲ್ಯ ಆಟಗಾರ.