ಪಠ್ಯ ಸಂಪಾದಕದಲ್ಲಿ ಎಸ್‌ಕ್ಯೂಎಲ್: ಜೋಡಣೆ, ಸೃಷ್ಟಿ ಮತ್ತು ಕೆಲವು ಎಚ್ಚರಿಕೆಗಳು

ಡೇಟಾಬೇಸ್, ಅಂದರೆ ದತ್ತಸಂಚಯದೊಡನೆ ವ್ಯವಹರಿಸಲು ಬಳಸುವ ಭಾಷೆಯೇ ಎಸ್‌ಕ್ಯೂಎಲ್. 1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಮಂಡಿಸಿದ ಸಂಬಂಧಾತ್ಮಕ ಮಾದರಿಯನ್ನು ಆಧರಿಸಿ, ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಅವರು 1974ರಲ್ಲಿ ಇದನ್ನು 'ಸೀಕ್ವೆಲ್' ಎಂಬ ಹೆಸರಿನಿಂದ ರೂಪಿಸಿದರು. 1986ರಲ್ಲಿ ಅದು ಅಮೆರಿಕದ ಮಾನಕವಾಯಿತು. ಬ್ಯಾಂಕಿನ ಖಾತೆ, ವಿದ್ಯುತ್ ಬಿಲ್ಲು, ವಿದ್ಯಾರ್ಥಿಯ ಅಂಕಪಟ್ಟಿ ಇವೆಲ್ಲ ಇಂದು ದತ್ತಸಂಚಯಗಳಲ್ಲಿವೆ. ಕರ್ನಾಟಕದಲ್ಲಿ 'ಭೂಮಿ' ಯೋಜನೆಯಡಿ ಸುಮಾರು ಎರಡು ಕೋಟಿ ಪಹಣಿಗಳು ಗಣಕಕ್ಕೆ ಏರಿದ ನಂತರ ರೈತನ ಸಾಲವೂ ಜಮೀನಿನ ಮಾರಾಟವೂ ಇಂಥ ದಾಖಲೆಯನ್ನೇ ಅವಲಂಬಿಸಿವೆ. ಆದ್ದರಿಂದ ಒಂದು ಸಾಲಿನ ಆದೇಶ ತಪ್ಪಾಗಿ ಚಲಾವಣೆಯಾದರೆ ಅದರ ಫಲವನ್ನು ಉಣ್ಣುವವನು ಆದೇಶ ಬರೆದವನಲ್ಲ.

ದೊಡ್ಡ ತಂತ್ರಾಂಶಗಳು ಎಷ್ಟೇ ಬಂದಿದ್ದರೂ ಎಸ್‌ಕ್ಯೂಎಲ್ ಆದೇಶಗಳು ಅನೇಕ ವೇಳೆ ಇಂದಿಗೂ ಸರಳ ಪಠ್ಯ ಸಂಪಾದಕಗಳಲ್ಲೇ ಸಿದ್ಧವಾಗುತ್ತವೆ. 1991ರಲ್ಲಿ ಬಂದ ವಿಮ್, 2003ರ ನೋಟ್‌ಪ್ಯಾಡ್ ಪ್ಲಸ್ ಪ್ಲಸ್, 2015ರ ವಿಷುಯಲ್ ಸ್ಟುಡಿಯೊ ಕೋಡ್ ಇವುಗಳಲ್ಲಿ ಪ್ರಮುಖವಾದವು. ಮೂರೂ ಉಚಿತ. ಈ ಲೇಖನದ ಉದಾಹರಣೆಗಳಲ್ಲಿ ಆದೇಶ ಪದಗಳನ್ನು ಓದುವ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಗಣಕಕ್ಕೆ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಬೇಕು.

ಜೋಡಣೆ ಏಕೆ ಬೇಕು?

ಎಸ್‌ಕ್ಯೂಎಲ್‌ಗೆ ಸಾಲು ಮುರಿದರೂ ಒಂದೇ, ಮುರಿಯದಿದ್ದರೂ ಒಂದೇ. ಪದಗಳ ನಡುವೆ ಎಷ್ಟು ಜಾಗ ಬಿಟ್ಟರೂ ಅದು ಚಿಂತಿಸದು. ಜೋಡಣೆ ಇರುವುದು ಮನುಷ್ಯನ ಕಣ್ಣಿಗಾಗಿ. ಇದಕ್ಕೆ ಒಂದು ನೈಜ ಸಂದರ್ಭವನ್ನು ನೋಡಬಹುದು. 2007ರಲ್ಲಿ ಕೋಲಾರ ಜಿಲ್ಲೆಯನ್ನು ವಿಭಜಿಸಿ ಚಿಕ್ಕಬಳ್ಳಾಪುರ ಜಿಲ್ಲೆಯನ್ನು ರಚಿಸಲಾಯಿತು. ಆರು ತಾಲ್ಲೂಕುಗಳು ಹೊಸ ಜಿಲ್ಲೆಗೆ ಹೋದವು. ರಾಜ್ಯದ ತಾಲ್ಲೂಕುಗಳ ಪಟ್ಟಿಯೊಂದನ್ನು ಇಟ್ಟುಕೊಂಡಿದ್ದ ಯಾವುದೇ ಕಚೇರಿ ಅಥವಾ ಕಂಪನಿ ಆಗ ಮಾಡಬೇಕಾಗಿದ್ದ ತಿದ್ದುಪಡಿ ಹೀಗಿರುತ್ತದೆ:

ಅಪ್‌ಡೇಟ್ ತಾಲ್ಲೂಕು_ಪಟ್ಟಿ
ಸೆಟ್ ಜಿಲ್ಲೆ = 'ಚಿಕ್ಕಬಳ್ಳಾಪುರ'
ವೇರ್ ಜಿಲ್ಲೆ = 'ಕೋಲಾರ'
ಆ್ಯಂಡ್ ತಾಲ್ಲೂಕು ಇನ್ ('ಚಿಕ್ಕಬಳ್ಳಾಪುರ', 'ಗೌರಿಬಿದನೂರು', 'ಚಿಂತಾಮಣಿ', 'ಶಿಡ್ಲಘಟ್ಟ', 'ಬಾಗೇಪಲ್ಲಿ', 'ಗುಡಿಬಂಡೆ');

ಇಲ್ಲಿ ಪ್ರಾಣವಿರುವುದು 'ವೇರ್' ಎಂಬ ಪದದಲ್ಲಿ. ಅದು ಬಿಟ್ಟುಹೋದರೆ ಬೀದರಿನಿಂದ ಚಾಮರಾಜನಗರದವರೆಗೆ ಪ್ರತಿಯೊಂದು ತಾಲ್ಲೂಕೂ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿಬಿಡುತ್ತದೆ! ಎಲ್ಲವನ್ನೂ ಒಂದೇ ಉದ್ದ ಸಾಲಿನಲ್ಲಿ ಬರೆದಾಗ ಈ ಪದ ಇದೆಯೋ ಇಲ್ಲವೋ ಎಂಬುದು ಪರದೆಯ ಬಲ ಅಂಚಿನಾಚೆ ಮರೆಯಾಗಿರುತ್ತದೆ. ಪ್ರತಿ ಉಪವಾಕ್ಯಕ್ಕೂ ಪ್ರತ್ಯೇಕ ಸಾಲು ಕೊಟ್ಟಾಗ ಅದರ ಗೈರುಹಾಜರಿ ಎದ್ದು ಕಾಣುತ್ತದೆ.

ಆದರೆ ಇದೇ ಜೋಡಣೆಯಲ್ಲಿ ಇನ್ನೊಂದು ಅಪಾಯ ಅಡಗಿದೆ. ಎಸ್‌ಕ್ಯೂಎಲ್ ಸರ್ವರ್‌ನ ಮ್ಯಾನೇಜ್‌ಮೆಂಟ್ ಸ್ಟುಡಿಯೊದಲ್ಲಿ ಪಠ್ಯದ ಒಂದು ಭಾಗವನ್ನು ಆಯ್ಕೆ ಮಾಡಿ ಎಫ್5 ಒತ್ತಿದರೆ ಆ ಭಾಗ ಮಾತ್ರ ಚಲಾವಣೆಯಾಗುತ್ತದೆ. ಮೇಲಿನ ಆದೇಶದ ಮೊದಲೆರಡು ಸಾಲುಗಳಷ್ಟೇ ಆಯ್ಕೆಯಾಗಿದ್ದರೆ? ಅವೆರಡೂ ಸೇರಿ ವ್ಯಾಕರಣಬದ್ಧವಾದ, ಪೂರ್ಣವಾದ ಆದೇಶವೇ ಆಗಿರುವುದರಿಂದ ಯಂತ್ರ ಮರುಮಾತಿಲ್ಲದೆ ಪಾಲಿಸುತ್ತದೆ. ಆದ್ದರಿಂದ ಬಹಳ ಮಂದಿ ಅನುಭವಿಗಳು 'ಸೆಟ್' ಮತ್ತು 'ವೇರ್' ಎರಡನ್ನೂ ಒಂದೇ ಸಾಲಿನಲ್ಲಿ ಇಡುವುದುಂಟು. ನೋಡಲು ಚೆಂದವಲ್ಲದಿದ್ದರೂ ಇದು ಸಮಂಜಸವಾದ ರೂಢಿಯೇ.

ಜೋಡಣೆಯನ್ನು ಕೈಯಿಂದಲೇ ಮಾಡಬೇಕೆಂದಿಲ್ಲ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ಗೆ 'ಪುವರ್ ಮ್ಯಾನ್ಸ್ ಟಿ-ಎಸ್‌ಕ್ಯೂಎಲ್ ಫಾರ್ಮ್ಯಾಟರ್' ಎಂಬ ಪೂರಕ ತಂತ್ರಾಂಶವಿದೆ. ಪೋಸ್ಟ್‌ಗ್ರೆಸ್ ಬಳಸುವವರಿಗೆ 'ಪಿಜಿಫಾರ್ಮ್ಯಾಟರ್' ಇದೆ. ಇವು ಸಾಲು ಮುರಿಯುತ್ತವೆ, ಅಂಚು ಸರಿಸುತ್ತವೆ, ಆದೇಶ ಪದಗಳನ್ನು ದೊಡ್ಡಕ್ಷರಕ್ಕೆ ತರುತ್ತವೆ. ಅರ್ಥವನ್ನು ಮಾತ್ರ ತಿದ್ದುವುದಿಲ್ಲ. ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಗೆ ಬಂದ ಲಾಟುಗಳ ಪಟ್ಟಿಯೊಂದಿದೆ ಎಂದುಕೊಳ್ಳೋಣ. ಚಿಂತಾಮಣಿ ಅಥವಾ ಶಿಡ್ಲಘಟ್ಟ ತಾಲ್ಲೂಕಿನ, ಕಿಲೋಗೆ 500 ರೂಪಾಯಿಗಿಂತ ಹೆಚ್ಚು ಬೆಲೆ ಕಂಡ ಲಾಟುಗಳು ಬೇಕು:

ವೇರ್ ತಾಲ್ಲೂಕು = 'ಚಿಂತಾಮಣಿ'
ಆರ್ ತಾಲ್ಲೂಕು = 'ಶಿಡ್ಲಘಟ್ಟ'
ಆ್ಯಂಡ್ ದರ > 500

ಸಾಲುಗಳು ಒಪ್ಪವಾಗಿವೆ, ಉತ್ತರ ತಪ್ಪು. 'ಆ್ಯಂಡ್' ಎಂಬುದು 'ಆರ್'ಗಿಂತ ಬಿಗಿಯಾಗಿ ಬೆಸೆಯುವುದರಿಂದ ದರದ ನಿಬಂಧನೆ ಶಿಡ್ಲಘಟ್ಟಕ್ಕೆ ಮಾತ್ರ ಅನ್ವಯಿಸಿ, ಚಿಂತಾಮಣಿಯ ಲಾಟುಗಳು ಯಾವ ದರದವಾದರೂ ಒಳಗೆ ಬರುತ್ತವೆ. ಮೊದಲೆರಡು ಸಾಲುಗಳಿಗೆ ಆವರಣ ಚಿಹ್ನೆ ಹಾಕುವ ಹೊಣೆ ಬರೆಯುವವನದೇ.

ಪಟ್ಟಿಯಿಂದ ಆದೇಶ

ಆದೇಶಗಳನ್ನು ಸೃಷ್ಟಿಸುವುದು ಪಠ್ಯ ಸಂಪಾದಕದ ಎರಡನೆಯ ಮತ್ತು ಹೆಚ್ಚು ಲಾಭದ ಉಪಯೋಗ. ಊರು, ಪಿನ್‌ಕೋಡ್, ದೂರವಾಣಿಯ ಎಸ್‌ಟಿಡಿ ಸಂಕೇತ ಇರುವ ಈ ಪಟ್ಟಿಯನ್ನು ನೋಡಿ:

ಚಿಕ್ಕಬಳ್ಳಾಪುರ,562101,08156
ಗೌರಿಬಿದನೂರು,561208,08155
ಚಿಂತಾಮಣಿ,563125,08154
ಶಿಡ್ಲಘಟ್ಟ,562105,08158

ನಾಲ್ಕೇ ಸಾಲಾದರೆ ಕೈಯಲ್ಲೇ ಬರೆಯಬಹುದು. ನಾಲ್ಕು ನೂರಾದರೆ ಆಗದು. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಕಂಟ್ರೋಲ್ ಮತ್ತು ಎಚ್ ಕೀಲಿಗಳನ್ನು ಒಟ್ಟಿಗೆ ಒತ್ತಿ, 'ರೆಗ್ಯುಲರ್ ಎಕ್ಸ್‌ಪ್ರೆಶನ್' ಆಯ್ಕೆಯನ್ನು ಗುರುತಿಸಿ, ಹುಡುಕುವ ಪಠ್ಯವಾಗಿ ^(.+),(.+),(.+)$ ಎಂದು ಕೊಡಬೇಕು. ಬದಲಿ ಪಠ್ಯ ಹೀಗಿರಲಿ:

ಇನ್‌ಸರ್ಟ್ ಇನ್‌ಟು ಊರು ವ್ಯಾಲ್ಯೂಸ್ \(ಎನ್'$1', '$2', '$3'\);

ಎಲ್ಲವನ್ನೂ ಬದಲಿಸು ಎಂದೊಡನೆ ಪ್ರತಿ ಸಾಲೂ ಒಂದು ಆದೇಶವಾಗುತ್ತದೆ. ಆವರಣ ಚಿಹ್ನೆಗಳ ಹಿಂದಿನ ಓರೆಗೆರೆಯನ್ನು ಮರೆಯಬಾರದು. ಈ ಸಂಪಾದಕದ ಬದಲಿ ಪಠ್ಯದಲ್ಲಿ ಬರಿಯ ಆವರಣಕ್ಕೆ ಬೇರೆ ಅರ್ಥವಿರುವುದರಿಂದ ಅದು ಕಾಣೆಯಾಗುತ್ತದೆ. ವಿಷುಯಲ್ ಸ್ಟುಡಿಯೊ ಕೋಡ್‌ನಲ್ಲಿ ಈ ತೊಡಕಿಲ್ಲ.

ಎಸ್‌ಟಿಡಿ ಸಂಕೇತಕ್ಕೆ ಉದ್ಧರಣ ಚಿಹ್ನೆ ಏಕೆಂದು ಕೇಳಬಹುದು. ಅದು ಅಂಕಿಗಳಲ್ಲಿದ್ದರೂ ಸಂಖ್ಯೆಯಲ್ಲ. ಚಿಹ್ನೆಯಿಲ್ಲದೆ ಕೊಟ್ಟರೆ ಮುಂದಿನ ಸೊನ್ನೆ ಬಿದ್ದುಹೋಗಿ 08156 ಎಂಬುದು 8156 ಆಗುತ್ತದೆ. ಪಟ್ಟಿಯನ್ನು ಮೊದಲು ಎಕ್ಸೆಲ್‌ನಲ್ಲಿ ತೆರೆದು ಉಳಿಸಿದ್ದರೆ ಸಂಪಾದಕಕ್ಕೆ ಬರುವ ಮುನ್ನವೇ ಆ ಸೊನ್ನೆ ಹೋಗಿರುತ್ತದೆ. ಇನ್ನು, ಮೇಲಿನ ನಾಲ್ಕು ಊರುಗಳು ಒಂದೇ ಜಿಲ್ಲೆಯವಾದರೂ ಪಿನ್‌ಕೋಡುಗಳು 561, 562, 563 ಎಂದು ಮೂರು ಬಗೆಯಾಗಿ ಆರಂಭವಾಗುವುದನ್ನು ಗಮನಿಸಬೇಕು. ಅಂಚೆಯ ವಿಂಗಡಣೆ ಕಂದಾಯ ಜಿಲ್ಲೆಯ ಗಡಿಯನ್ನು ಅನುಸರಿಸುವುದಿಲ್ಲ. ಪಿನ್‌ಕೋಡಿನ ಮೊದಲ ಮೂರು ಅಂಕಿ ನೋಡಿ ಜಿಲ್ಲೆಯನ್ನು ತುಂಬುವ ಆದೇಶ ಬರೆದರೆ ಚಿಕ್ಕಬಳ್ಳಾಪುರ ಮೂರು ಹೋಳಾಗುತ್ತದೆ. ಇತ್ತೀಚಿನ ಕೃತಕ ಬುದ್ಧಿಮತ್ತೆಯ ಸಹಾಯಕಗಳು ಕೇಳಿದೊಡನೆ ಆದೇಶವನ್ನು ಬರೆದುಕೊಡುತ್ತವೆ, ನಿಜ. ಇಂಥ ಸ್ಥಳೀಯ ಸಂಗತಿಯನ್ನು ಅವು ಊಹಿಸಿಬಿಡುವ ಸಂಭವವಿರುವುದರಿಂದ ಪರಿಶೀಲನೆ ತಪ್ಪುವುದಿಲ್ಲ.

ಹೆಸರಿನಲ್ಲೇ ಉದ್ಧರಣ ಚಿಹ್ನೆ ಇರುವುದೂ ಉಂಟು. ಕರಾವಳಿಯಲ್ಲಿ ಸಾಮಾನ್ಯವಾದ ಡಿ'ಸೋಜಾ ಎಂಬ ಹೆಸರು ಬಂದೊಡನೆ ಆದೇಶ ನಡುವಿನಲ್ಲೇ ತುಂಡಾಗುತ್ತದೆ. ಆದೇಶ ಸೃಷ್ಟಿಸುವ ಮೊದಲು ಪಟ್ಟಿಯಲ್ಲಿನ ಒಂಟಿ ಚಿಹ್ನೆಯನ್ನು ಜೋಡಿಯಾಗಿ ('') ಬದಲಿಸಿಕೊಳ್ಳಬೇಕು. ಹೊರಗಿನವರು ತುಂಬಿದ ಮಾಹಿತಿಯಾದರೆ ಇದು ಸುರಕ್ಷತೆಯ ಪ್ರಶ್ನೆಯೂ ಹೌದು. ಎಸ್‌ಕ್ಯೂಎಲ್ ಇಂಜೆಕ್ಷನ್ ಎಂಬ ಕುಖ್ಯಾತ ದಾಳಿ ಹೊಕ್ಕುವುದು ಇದೇ ಕಿಂಡಿಯಿಂದ.

ಕನ್ನಡದ ತೊಡಕುಗಳು

ಮೇಲೆ $1ರ ಹಿಂದೆ ಇರುವ 'ಎನ್' ಅಕ್ಷರ ಎಸ್‌ಕ್ಯೂಎಲ್ ಸರ್ವರ್‌ಗಾಗಿ. ಅದಿಲ್ಲದಿದ್ದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಉಳಿಯುತ್ತವೆ, ಮತ್ತು ಅವನ್ನು ಮರಳಿ ಪಡೆಯಲು ದಾರಿಯಿಲ್ಲ. 2019ರ ಆವೃತ್ತಿಯಲ್ಲಿ ಯುಟಿಎಫ್-8 ಸೌಲಭ್ಯ ಬಂದಿದೆಯಾದರೂ ಹಳೆಯ ದತ್ತಸಂಚಯಗಳಲ್ಲಿ ಈ ಎಚ್ಚರ ಬೇಕೇ ಬೇಕು. ಕಡತವನ್ನೂ ಯುಟಿಎಫ್-8ರಲ್ಲೇ ಉಳಿಸಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಟೈಪಾದ ಪಟ್ಟಿಯನ್ನು ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದು ಅನಿವಾರ್ಯ.

'ಚಿಕ್ಕಬಳ್ಳಾಪುರ' ಕಣ್ಣಿಗೆ ಆರು ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಒತ್ತು, ಗುಣಿತಗಳೆಲ್ಲ ಸೇರಿ 13 ಸಂಕೇತ. ಯುಟಿಎಫ್-8ರಲ್ಲಿ ತಲಾ ಮೂರರಂತೆ 39 ಬೈಟು. ಒರಾಕಲ್‌ನಲ್ಲಿ ಅಂಕಣದ ಉದ್ದವನ್ನು ಬೇರೆ ಸೂಚನೆಯಿಲ್ಲದಿದ್ದರೆ ಬೈಟುಗಳಲ್ಲೇ ಎಣಿಸುವುದರಿಂದ, 30 ಎಂದು ಕೊಟ್ಟ ಅಂಕಣದಲ್ಲಿ ಈ ಹೆಸರು ಹಿಡಿಸುವುದೇ ಇಲ್ಲ.

'ಕೋಲಾರ'ದ್ದು ಬೇರೆಯೇ ಕಥೆ. ಮೊದಲ ಅಕ್ಷರದ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ತುಂಡುಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಬೈಟುಗಳನ್ನಷ್ಟೇ ಹೋಲಿಸುವ ದತ್ತಸಂಚಯಕ್ಕೆ ಅವು ಎರಡು ಬೇರೆ ಊರುಗಳು. ಗೌರಿಬಿದನೂರು, ಗೌರೀಬಿದನೂರು ಎಂಬ ಕಾಗುಣಿತ ಭೇದ ಇದಕ್ಕಿಂತ ವಾಸಿ. ಅದು ಕಣ್ಣಿಗಾದರೂ ಕಾಣುತ್ತದೆ. ಹಾಗೆಂದು ಹೆಸರಿನ ತುಣುಕು ಹಿಡಿದು '%ಬಳ್ಳಾಪುರ' ಎಂದು ಹುಡುಕಲು ಹೋದರೆ ದೊಡ್ಡಬಳ್ಳಾಪುರವೂ ಸಿಕ್ಕಿಬೀಳುತ್ತದೆ. ಹೆಸರಿನ ಬದಲು ಸಂಕೇತ ಸಂಖ್ಯೆಯಿಂದ ಗುರುತಿಸುವುದು ಉತ್ತಮ.

ಸಂಪಾದಕಗಳ ಜನಪ್ರಿಯ ಸೌಲಭ್ಯವಾದ ಕಂಬಸಾಲಿನ ಆಯ್ಕೆ, ಅಂದರೆ ಆಲ್ಟ್ ಕೀಲಿ ಹಿಡಿದು ಮೌಸ್ ಎಳೆದು ಹಲವು ಸಾಲುಗಳಲ್ಲಿ ಏಕಕಾಲಕ್ಕೆ ಬರೆಯುವ ವಿಧಾನ, ಕನ್ನಡದ ಸಾಲುಗಳಲ್ಲಿ ಸರಿಯಾಗಿ ನಡೆಯದು. ಇಂಗ್ಲಿಷಿನ ಸಮಗಲ ಅಕ್ಷರಶೈಲಿಯಂತೆ ಕನ್ನಡದ ಅಕ್ಷರಗಳು ಒಂದೇ ಅಗಲದವಲ್ಲ. ಒತ್ತಕ್ಷರದ ನಡುವೆ ಉದ್ಧರಣ ಚಿಹ್ನೆ ನುಗ್ಗಿದರೆ ಆಶ್ಚರ್ಯಪಡಬೇಕಿಲ್ಲ. ಕನ್ನಡ ಪಟ್ಟಿಗೆ ಮೇಲೆ ಹೇಳಿದ ಹುಡುಕಿ ಬದಲಿಸುವ ಮಾರ್ಗವೇ ಕ್ಷೇಮ.

ಚಲಾಯಿಸುವ ಮುನ್ನ

ಯಾವ ತಿದ್ದುಪಡಿಯನ್ನಾದರೂ ಮೊದಲು 'ಸೆಲೆಕ್ಟ್' ರೂಪದಲ್ಲಿ, ಅದೇ 'ವೇರ್' ನಿಬಂಧನೆಯೊಡನೆ ಚಲಾಯಿಸಿ ನೋಡುವುದು ವಾಡಿಕೆ. ಕೋಲಾರದ ಉದಾಹರಣೆಯಲ್ಲಿ ಆರು ಸಾಲು ಬರಬೇಕು. ಐದು ಬಂದರೆ ಕಾಗುಣಿತ ತಪ್ಪಿದೆ, ಏಳು ಬಂದರೆ ಪಟ್ಟಿಯಲ್ಲಿ ಒಂದು ತಾಲ್ಲೂಕು ಎರಡು ಬಾರಿ ಇದೆ. ನಂತರ ಟ್ರಾನ್ಸಾಕ್ಷನ್ ಆರಂಭಿಸಿ, ತಿದ್ದುಪಡಿ ನಡೆಸಿ, ಬದಲಾದ ಸಾಲುಗಳ ಸಂಖ್ಯೆ ಅಷ್ಟೇ ಇದ್ದರೆ 'ಕಮಿಟ್', ಇಲ್ಲದಿದ್ದರೆ 'ರೋಲ್‌ಬ್ಯಾಕ್'. ಮೈಎಸ್‌ಕ್ಯೂಎಲ್‌ನಲ್ಲಿ 'ಸೇಫ್ ಅಪ್‌ಡೇಟ್ಸ್' ಎಂಬ ಏರ್ಪಾಡನ್ನು ಚಾಲೂ ಮಾಡಿದರೆ 'ವೇರ್' ಇಲ್ಲದ ತಿದ್ದುಪಡಿಯನ್ನು ಅದು ನಿರಾಕರಿಸುತ್ತದೆ. ಅದೇ ತಂತ್ರಾಂಶದಲ್ಲಿ ಅಂಕಣ ಸೇರಿಸುವ, ಪಟ್ಟಿ ಅಳಿಸುವ ಆದೇಶಗಳು ಮಾತ್ರ ತಾವೇ 'ಕಮಿಟ್' ಆಗುತ್ತವೆ. ಅವಕ್ಕೆ ರೋಲ್‌ಬ್ಯಾಕ್ ಇಲ್ಲ.

ಸಿದ್ಧಪಡಿಸಿದ ಕಡತವನ್ನು ದಿನಾಂಕ ಹಾಕಿ ಉಳಿಸಿಕೊಳ್ಳಬೇಕು. 2007ರ ಆರು ತಾಲ್ಲೂಕುಗಳ ಜೊತೆಗೆ ಆನಂತರ ಗೌರಿಬಿದನೂರಿನಿಂದ ಮಂಚೇನಹಳ್ಳಿಯೂ ಬಾಗೇಪಲ್ಲಿಯಿಂದ ಚೇಳೂರೂ ಪ್ರತ್ಯೇಕ ತಾಲ್ಲೂಕುಗಳಾಗಿವೆ. ಆಗಿನ ಕಡತವನ್ನು ಉಳಿಸಿಕೊಂಡವರಿಗೆ ಹೆಸರುಗಳನ್ನು ಬದಲಿಸುವಷ್ಟೇ ಕೆಲಸ.