ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ವಾಕಿಂಗ್ ಹೋಗಬಹುದಾ? ಯಾರು ತಿನ್ನಬೇಕು, ಯಾರಿಗೆ ಬೇಕಿಲ್ಲ: ಇಲ್ಲಿದೆ ಮಾಹಿತಿ

ಸಾಸ್ವೆಹಳ್ಳಿ: ಅಂಗಡಿ ಬಾಗಿಲು ತೆಗೆಯೋಕೆ ಮೊದಲು ಒಂದು ಸುತ್ತು ವಾಕಿಂಗ್ ಮುಗಿಸುವವರು, ಪೊಲೀಸ್ ಮತ್ತು ಸೇನಾ ನೇಮಕಾತಿಗೆ ಓಟದ ಅಭ್ಯಾಸ ಮಾಡುವ ಹುಡುಗರು ಹೋಬಳಿಯಲ್ಲಿ ಹೆಚ್ಚುತ್ತಿದ್ದಾರೆ. ಏನಾದ್ರೂ ತಿಂದು ಹೋಗಬೇಕಾ, ಖಾಲಿ ಹೊಟ್ಟೆಯೇ ಒಳ್ಳೆಯದಾ ಎಂಬ ಪ್ರಶ್ನೆ ಇವರೆಲ್ಲರದ್ದು. ಉತ್ತರ ಎಲ್ಲರಿಗೂ ಒಂದೇ ಅಲ್ಲ. ಅದರಲ್ಲೂ ಶುಗರ್ ಮಾತ್ರೆ ತಗೊಳ್ಳುವವರು ಈ ವಿಷಯ ಸರಿಯಾಗಿ ತಿಳಿದಿರಬೇಕು.

ದೇಹದಲ್ಲಿ ಏನಾಗುತ್ತೆ?

ನಾವು ತಿಂದ ಅನ್ನ, ಮುದ್ದೆ, ರೊಟ್ಟಿಯ ಒಂದು ಭಾಗ ಗ್ಲೈಕೋಜನ್ ರೂಪದಲ್ಲಿ ಸಂಗ್ರಹವಾಗುತ್ತೆ. ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಇರುತ್ತೆ. ರಾತ್ರಿ ಮಲಗಿದಾಗ ರಕ್ತದ ಸಕ್ಕರೆ ಕಾಪಾಡಲು ಯಕೃತ್ತಿನ ದಾಸ್ತಾನು ಬಹಳಷ್ಟು ಖರ್ಚಾಗುತ್ತೆ. ಆದರೆ ಸ್ನಾಯುಗಳಲ್ಲಿರೋದು ಹಾಗೇ ಉಳಿದಿರುತ್ತೆ. ಹೀಗಾಗಿ ರಾತ್ರಿ ಊಟ ಮಾಡಿದ ಆರೋಗ್ಯವಂತರು ಬೆಳಗ್ಗೆ ಅರ್ಧ, ಮುಕ್ಕಾಲು ಗಂಟೆ ಸಾಧಾರಣ ನಡಿಗೆಗೆ ಏನೂ ತಿನ್ನಬೇಕಿಲ್ಲ. ಒಂದು ಲೋಟ ನೀರು ಸಾಕು.

ಬೊಜ್ಜು ಬೇಗ ಕರಗುತ್ತಾ?

ಖಾಲಿ ಹೊಟ್ಟೆಯಲ್ಲಿ ನಡೆದರೆ ಆ ಹೊತ್ತಿಗೆ ಕೊಬ್ಬು ಸ್ವಲ್ಪ ಹೆಚ್ಚು ಉರಿಯೋದು ನಿಜ. ಆದರೆ ತೂಕದ ಲೆಕ್ಕ ಇಡೀ ದಿನದ್ದು. 2014ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 20 ಯುವತಿಯರು ನಾಲ್ಕು ವಾರ ವ್ಯಾಯಾಮ ಮಾಡಿದ್ದರು. ಅರ್ಧ ಜನ ತಿಂದು, ಅರ್ಧ ಜನ ತಿನ್ನದೆ. ಎರಡೂ ಗುಂಪಿನಲ್ಲಿ ತೂಕ, ಕೊಬ್ಬು ಇಳಿದದ್ದು ಹೆಚ್ಚುಕಡಿಮೆ ಒಂದೇ ಆಗಿತ್ತು. ವಾಕಿಂಗ್ ಮುಗಿಸಿ ಹೋಟೆಲ್‌ನಲ್ಲಿ ಎರಡು ಬೆಣ್ಣೆ ದೋಸೆ ತಿಂದರೆ ಕರಗಿಸಿದ್ದು ಅಲ್ಲೇ ವಾಪಸ್ ಬರುತ್ತೆ.

ಓಟದ ಹುಡುಗರಿಗೆ

ರಾಜ್ಯದ ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಯಲ್ಲಿ ಪುರುಷರು 1600 ಮೀಟರ್ ಓಟವನ್ನು 6 ನಿಮಿಷ 30 ಸೆಕೆಂಡ್‌ನಲ್ಲಿ ಮುಗಿಸಬೇಕು. ಇಂಥ ಜೋರು ಓಟ, ಗರಡಿಯ ಸಾಮು, ಒಂದು ಗಂಟೆ ದಾಟುವ ಕಸರತ್ತಿಗೆ ಮೊದಲು ಸ್ವಲ್ಪ ತಿಂದರೆ ಅನುಕೂಲ.

* ಅರ್ಧ ಗಂಟೆ ಮೊದಲು: ಒಂದು ಬಾಳೆಹಣ್ಣು, ಅಥವಾ ಎರಡು ಖರ್ಜೂರ, ಅಥವಾ ಒಂದು ಲೋಟ ತೆಳು ರಾಗಿ ಗಂಜಿ.
* ಒಂದು ಗಂಟೆಗೂ ಹೆಚ್ಚು ಸಮಯ ಇದ್ದರೆ: ಒಂದು ಇಡ್ಲಿ ಅಥವಾ ಸ್ವಲ್ಪ ಅವಲಕ್ಕಿ.
* ಹೊಟ್ಟೆ ತುಂಬಾ ತಿಂಡಿ ತಿಂದಿದ್ದರೆ ಎರಡು, ಮೂರು ಗಂಟೆ ಬಿಟ್ಟು ಓಡಬೇಕು.
* ಬೇಡ: ಮಿರ್ಚಿ, ವಡೆ, ಪೂರಿ. ಎಣ್ಣೆ ಪದಾರ್ಥ ಹೊಟ್ಟೆಯಲ್ಲಿ ಬಹಳ ಹೊತ್ತು ಉಳಿಯುತ್ತೆ. ಓಡುವಾಗ ಹೊಟ್ಟೆ ಹಿಡಿದುಕೊಳ್ಳುತ್ತೆ.

ಪರೀಕ್ಷೆ ದಿನ ಹೊಸದೇನನ್ನೂ ತಿನ್ನಬಾರದು. ಅಭ್ಯಾಸದ ದಿನಗಳಲ್ಲಿ ಯಾವುದು ಒಗ್ಗಿದೆಯೋ ಅದನ್ನೇ ತಿನ್ನಬೇಕು.

ಶುಗರ್ ಇದ್ದವರು ಗಮನಿಸಿ

ಅಪಾಯ ಇರೋದು ಇಲ್ಲಿ. ಇನ್ಸುಲಿನ್, ಇಲ್ಲವೇ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಗಳು ಹೊಟ್ಟೆಗೆ ಏನೂ ಹೋಗದಿದ್ದರೂ ಸಕ್ಕರೆ ಇಳಿಸುತ್ತವೆ. ಮಾತ್ರೆ ನುಂಗಿ ವಾಕಿಂಗ್ ಹೋಗಿ, ಬಂದು ಅಂಗಡಿ ಬಾಗಿಲು ತೆಗೆದು, ಗಿರಾಕಿ ಮುಗಿಸಿ ಒಂಬತ್ತಕ್ಕೆ ತಿಂಡಿ ತಿನ್ನೋಣ ಅಂದುಕೊಂಡರೆ ನಡುವೆಯೇ ಸಕ್ಕರೆ ಕುಸಿಯಬಹುದು. ಮೆಟ್‌ಫಾರ್ಮಿನ್ ಒಂದನ್ನೇ ತಗೊಳ್ಳುವವರಿಗೆ ಈ ಭಯ ಕಡಿಮೆ. ನಿಮ್ಮ ಮಾತ್ರೆ ಯಾವುದು, ತಿಂಡಿ ಜೊತೆಗಾ, ಮೊದಲಾ ಎಂದು ಚೀಟಿ ತೋರಿಸಿ ವೈದ್ಯರನ್ನೇ ಕೇಳಿ. ತಾವಾಗಿಯೇ ಮಾತ್ರೆ ಬಿಡೋದು ಬೇಡ.

ಇನ್ಸುಲಿನ್ ಅಥವಾ ಇಂಥ ಮಾತ್ರೆ ತಗೊಳ್ಳುವವರಿಗೆ ಹೊರಡುವ ಮೊದಲು ಸಕ್ಕರೆ 90ಕ್ಕಿಂತ ಕಡಿಮೆ ಇದ್ದರೆ, ಒಂದು ಬಾಳೆಹಣ್ಣು ತಿಂದೇ ಹೊರಡಬೇಕು. 250 ದಾಟಿದ್ದು ವಾಂತಿ, ಸುಸ್ತು ಇದ್ದರೆ ಆ ದಿನ ವ್ಯಾಯಾಮ ಬಿಟ್ಟು ವೈದ್ಯರನ್ನು ಕಾಣಬೇಕು.

ಲಕ್ಷಣ ಕಂಡರೆ ಏನು ಮಾಡಬೇಕು?

ಕೈ ನಡುಕ, ತಣ್ಣನೆ ಬೆವರು, ಎದೆ ಡವಡವ, ಕಣ್ಣು ಮಂಜು, ಮಾತು ತೊದಲುವುದು, ಇವು ಸಕ್ಕರೆ ಇಳಿದ ಸೂಚನೆ. ಕೂಡಲೇ ಕೂತು ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಬೇಕು. 15 ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ. ಸುಧಾರಿಸಿದ ಮೇಲೆ ತಿಂಡಿ ತಿನ್ನಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು, ಸಕ್ಕರೆ ಏನನ್ನೂ ಹಾಕಬಾರದು, ಶ್ವಾಸನಾಳಕ್ಕೆ ಹೋಗುತ್ತೆ. ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಬೇಕು. ನಡೆಯುವಾಗ ಎದೆ ಬಿಗಿತ, ಎಡಗೈ ಅಥವಾ ದವಡೆ ನೋವು ಬಂದರೆ ಗ್ಯಾಸ್ ಅಂತ ಸುಮ್ಮನಿರದೆ ಆಸ್ಪತ್ರೆಗೆ ಹೋಗಬೇಕು.

ಇನ್ನೂ ಕೆಲವು ವಿಷಯ

* ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೇ ತಗೊಳ್ಳುವಂಥದ್ದು. ಮಾತ್ರೆ ನುಂಗಿ ವಾಕಿಂಗ್ ಮುಗಿಸಿ ಬರುವಷ್ಟರಲ್ಲಿ ತಿಂಡಿಗೆ ಬೇಕಾದ ಅರ್ಧ, ಒಂದು ಗಂಟೆ ಅಂತರ ಸಿಗುತ್ತೆ. ಜೊತೆಗೆ ಶುಗರ್ ಮಾತ್ರೆಯೂ ಇದ್ದರೆ ಯಾವುದನ್ನು ಯಾವಾಗ ಎಂದು ವೈದ್ಯರನ್ನು ಕೇಳಿ.
* ಗರ್ಭಿಣಿಯರು, ಖಾಲಿ ಹೊಟ್ಟೆಯಲ್ಲಿ ತಲೆ ಸುತ್ತುವವರು ಸ್ವಲ್ಪ ತಿಂದೇ ಹೊರಡುವುದು ಒಳ್ಳೆಯದು.
* 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ. ವಾಕಿಂಗ್ ಶುರು ಮಾಡುವ ಮೊದಲು ಒಮ್ಮೆ ಮಾಡಿಸಿಕೊಳ್ಳಿ.
* ಶುಗರ್ ಇರುವವರು ವಾಕಿಂಗ್ ಹೋಗುವಾಗ ಜೇಬಿನಲ್ಲಿ ನಾಲ್ಕು ಚಮಚದಷ್ಟು ಸಕ್ಕರೆ ಪೊಟ್ಟಣ ಕಟ್ಟಿ ಇಟ್ಟುಕೊಳ್ಳಿ. ಜೊತೆಗೆ ಬರುವವರಿಗೂ ನಿಮಗೆ ಶುಗರ್ ಇದೆ ಎಂದು ಹೇಳಿರಿ.